ಆಗುಂಬೆ ಘಾಟಿಯಲ್ಲಿ ಮೋಡದ ತಳವನ್ನು ಅಳೆದದ್ದು

ಮೇಲೇರಿದ ಗಾಳಿ ತಂಪಾಗುತ್ತದೆ, ತಂಪಾದಾಗ ಅದರೊಳಗಿನ ಆವಿ ಹನಿಗಟ್ಟಿ ಮೋಡವಾಗುತ್ತದೆ ಎಂದು ಹಲವು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದ್ದ ನನಗೆ ಅದನ್ನು ಅಳೆದು ನೋಡಬೇಕೆನಿಸಿದ್ದು ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆಯಿಂದ: “ಗಾಳಿ ತಂಪಾಯಿತು ಅಂದರೆ ಅದರ ಶಾಖ ಯಾರ ಪಾಲಾಯಿತು ಸರ್?” ಶಾಖವನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಎತ್ತರಕ್ಕೆ ಹೋದಂತೆ ಒತ್ತಡ ತಗ್ಗುವುದರಿಂದ ಗಾಳಿ ಹಿಗ್ಗುತ್ತದೆ. ಹಿಗ್ಗುವಾಗ ಸುತ್ತಲಿನ ಗಾಳಿಯನ್ನು ತಳ್ಳಬೇಕಾಗಿ, ಆ ಕೆಲಸಕ್ಕೆ ತನ್ನದೇ ಶಕ್ತಿಯನ್ನು ವ್ಯಯಿಸುತ್ತದೆ. ಹೀಗೆ ಪ್ರತಿ 100 ಮೀಟರಿಗೆ ಅದು ಸುಮಾರು 1 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ.

ಅಳತೆಗೆ ನಾನು ಆರಿಸಿಕೊಂಡದ್ದು ಸೋಮೇಶ್ವರದಿಂದ ಆಗುಂಬೆಗೆ ಏರುವ ಹಾದಿಯನ್ನು. ಕೆಲವೇ ಕಿಲೋಮೀಟರ್‌ಗಳಲ್ಲಿ ಅದು ಸುಮಾರು 550 ಮೀಟರ್ ಮೇಲೇರುತ್ತದೆ. ಸಲಕರಣೆ ಎಂದರೆ ಎರಡು ಥರ್ಮಾಮೀಟರ್; ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದೆ. ಏಪ್ರಿಲ್‌ನ ಮೊದಲ ದಿನದ ಅಳತೆಗಳೆಲ್ಲ ವ್ಯರ್ಥವಾದವು, ಏಕೆಂದರೆ ಬಿಸಿಲಿನಲ್ಲಿ, ಸ್ಕೂಟರಿನ ಎಂಜಿನ್ ಪಕ್ಕದಲ್ಲೇ ನಿಂತು ಓದಿದ್ದೆ. ಮರುದಿನ ನೆರಳಿನಲ್ಲಿ ನಿಂತು ಒದ್ದೆ ಬಟ್ಟೆಗೆ ಗಾಳಿ ಬೀಸುತ್ತಾ ನೋಡಿದಾಗ ಒಣ ಥರ್ಮಾಮೀಟರ್ 34, ಒದ್ದೆಯದು 26.5 ಡಿಗ್ರಿ ತೋರಿಸಿದವು. ಈ ಎರಡು ಅಳತೆಗಳಿಂದ ಕೋಷ್ಟಕದ ಪ್ರಕಾರ ಇಬ್ಬನಿ ಬಿಂದು, ಅಂದರೆ ಗಾಳಿಯೊಳಗಿನ ಆವಿ ಹನಿಗಟ್ಟತೊಡಗುವ ಉಷ್ಣತೆ, 24. ಏರುವ ಗಾಳಿಯ ಉಷ್ಣತೆ 100 ಮೀಟರಿಗೆ 1 ಡಿಗ್ರಿ ಇಳಿದರೆ ಇಬ್ಬನಿ ಬಿಂದುವೂ 0.2 ಡಿಗ್ರಿಯಷ್ಟು ಇಳಿಯುವುದರಿಂದ, ಇವೆರಡರ ನಡುವಿನ ಅಂತರ 1 ಡಿಗ್ರಿ ಕಡಿಮೆಯಾಗಲು 125 ಮೀಟರ್ ಬೇಕು. 10 ಡಿಗ್ರಿ ಅಂತರಕ್ಕೆ 1,250 ಮೀಟರ್. ಘಾಟಿಯ ತುದಿಗಿಂತ ಎಷ್ಟೋ ಮೇಲೆ! ಮಧ್ಯಾಹ್ನ ಮೂಡಿದ ಮೋಡಗಳು ನಿಜಕ್ಕೂ ಬೆಟ್ಟದ ನೆತ್ತಿಯಿಂದ ಬಹಳ ಎತ್ತರದಲ್ಲಿ, ತಳವನ್ನು ಒಂದೇ ಮಟ್ಟಕ್ಕೆ ಕೊಯ್ದಂತೆ ನಿಂತಿದ್ದವು.

ಮಳೆಗಾಲ ಹಿಡಿದ ಮೇಲೆ ಜೂನ್‌ನಲ್ಲಿ ಮತ್ತೆ ಹೋದೆ. ಸೋಮೇಶ್ವರದಲ್ಲಿ 27 ಮತ್ತು 25 ಡಿಗ್ರಿ. ಇಬ್ಬನಿ ಬಿಂದು 24.3. ಲೆಕ್ಕದ ಪ್ರಕಾರ 340 ಮೀಟರ್ ಏರಿದರೆ ಮೋಡ ಸಿಗಬೇಕು. ಮೊಬೈಲಿನ ಜಿಪಿಎಸ್ ನೋಡುತ್ತಾ ತಿರುವಿನಿಂದ ತಿರುವಿಗೆ ಏರಿದೆ. ಸುಮಾರು 310 ಮೀಟರಿನಲ್ಲಿ ಮಂಜು ಮುಖಕ್ಕೆ ತಾಗಿತು. ಹಾದಿಹೋಕರು ಮಂಜೆನ್ನುವ ಅದು ಮೋಡದ ತಳವೇ ಎಂಬುದು ಆ ಕ್ಷಣ ನನಗೆ ಮೈಗೆ ಅಂಟಿದ ತೇವದಷ್ಟೇ ಖಚಿತವಾಯಿತು.

ಅದಕ್ಕಿಂತ ಹೆಚ್ಚು ಕಲಿಸಿದ್ದು ಅಲ್ಲಿಂದ ಮೇಲಿನ ಹಾದಿ. ಅದೇ ದರದಲ್ಲಿ ತಂಪಾಗಿದ್ದರೆ ಆಗುಂಬೆಯಲ್ಲಿ 21.5 ಡಿಗ್ರಿ ಇರಬೇಕಿತ್ತು. ನನಗೆ ಸಿಕ್ಕಿದ್ದು 23ರ ಆಸುಪಾಸು. ಸಮುದ್ರದ ನೀರು ಆವಿಯಾಗುವಾಗ ಹೀರಿಕೊಂಡಿದ್ದ ಗುಪ್ತೋಷ್ಣವು ಆವಿ ಹನಿಯಾಗುವಾಗ ಗಾಳಿಗೆ ಮರಳುತ್ತದೆ. ಏಪ್ರಿಲ್‌ನ ಸಿಡಿಲಿನ ಮೋಡ 10 ಕಿಲೋಮೀಟರಿಗೂ ಮೇಲೆ ಬೆಳೆಯುವುದು ಈ ಶಾಖದ ಬಲದಿಂದ. ಜೂನ್‌ನಲ್ಲಿ ಗಾಳಿಯನ್ನು ಮೇಲೆತ್ತುವುದು ಮುಖ್ಯವಾಗಿ ನೆಲದ ಕಾವಲ್ಲ. ಅರಬ್ಬಿ ಸಮುದ್ರದಿಂದ ಬೀಸುವ ಗಾಳಿಗೆ ಅಡ್ಡ ನಿಂತ ಘಟ್ಟವೇ ಅದನ್ನು ಏರಿಸುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಆಗುಂಬೆಯಲ್ಲಿ ಸುರಿದರೆ, ಘಟ್ಟದಾಚೆ ದೂರದ ಚಳ್ಳಕೆರೆಗೆ 600 ಮಿಲಿಮೀಟರೂ ದಕ್ಕುವುದಿಲ್ಲ. ನೀರನ್ನು ಚೆಲ್ಲಿ ಪೂರ್ವಕ್ಕೆ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಪುನಃ ಬಿಸಿಯಾಗುತ್ತದೆ. ಆ ಇಳಿಜಾರಿನ ಅಳತೆ ಇನ್ನೂ ಬಾಕಿಯಿದೆ. ಮುಂದಿನ ಜೂನ್‌ನಲ್ಲಿ ಅದೇ ಎರಡು ಥರ್ಮಾಮೀಟರ್‌ಗಳೊಂದಿಗೆ ಶಿವಮೊಗ್ಗದ ಕಡೆಗೆ ಹೊರಡುತ್ತೇನೆ.