ನಿಮ್ಮ ಬಡಾವಣೆಯಲ್ಲಿ ಎಷ್ಟು ಜನಕ್ಕೆ ಬಿಪಿ? ಲೆಕ್ಕ ಹಾಕುವುದು ಹೀಗೆ

ಹೋದ ವರ್ಷ ಒಂದು ಭಾನುವಾರ ನಮ್ಮ ಬೀದಿಯ ಪಾರ್ಕಿನಲ್ಲಿ ಬಿಪಿ ಕ್ಯಾಂಪ್ ಮಾಡಿದೆವು. ಬೆಳಿಗ್ಗೆ ಆರೂವರೆಗೆ ಟೇಬಲ್ ಹಾಕಿದೆವು, ಒಂಬತ್ತಕ್ಕೆ ಎತ್ತಿದೆವು. ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಬಿಪಿ ಇತ್ತು. ಮಧ್ಯಾಹ್ನದೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ: ‘ನಮ್ಮ ಬಡಾವಣೆಯ ಅರ್ಧ ಜನಕ್ಕೆ ಬಿಪಿ!’ ಕಳಿಸಿದವನು ನಾನೇ.

ಬಂದವರು ಯಾರು? ರಿಟೈರ್ ಆದವರು, ‘ದಿನಾ ವಾಕ್ ಮಾಡಿ’ ಅಂತ ಡಾಕ್ಟರ್ ಹೇಳಿದ್ದಕ್ಕೆ ಪಾರ್ಕಿಗೆ ಬರುವವರು. ಪಿಜಿಯಲ್ಲಿ ಇನ್ನೂ ಮಲಗಿದ್ದ ಹುಡುಗರಿಲ್ಲ, ಅಷ್ಟು ಹೊತ್ತಿಗೇ ಮನೆಗೆಲಸಕ್ಕೆ ಹೊರಟ ಹೆಂಗಸರಿಲ್ಲ, ಆಟೊ ಓಡಿಸುವವರಿಲ್ಲ. ಬಡಾವಣೆ ಎಣಿಸಿದೆ ಅಂದುಕೊಂಡು ಪಾರ್ಕ್ ಎಣಿಸಿಕೊಂಡು ಬಂದಿದ್ದೆ.

ಸರಿಯಾಗಿ ಮಾಡುವುದು ಹೇಗೆ ಅಂತ ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಬೇಕಾಗುವುದು ಒಂದು ನೋಟ್‌ಬುಕ್, ಒಂದು ಬಿಪಿ ಮಷಿನ್, ನಾಲ್ಕೈದು ಜನ. ಜೊತೆಗೆ, ಒಂದೇ ಬಾಗಿಲನ್ನು ಮೂರು ಸಲ ತಟ್ಟುವ ತಾಳ್ಮೆ.

ಯಾರನ್ನು ಎಣಿಸಬೇಕು?

ಇದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. 18 ತುಂಬಿದವರು, ಇಲ್ಲಿ ಆರು ತಿಂಗಳಿಂದ ಇರುವವರು ಅಂತ ಇಟ್ಟುಕೊಳ್ಳೋಣ. ಮೇಲಿನದು 140 ಅಥವಾ ಜಾಸ್ತಿ, ಇಲ್ಲವೇ ಕೆಳಗಿನದು 90 ಅಥವಾ ಜಾಸ್ತಿ ಬಂದರೆ ಈ ಸರ್ವೆಯ ಲೆಕ್ಕಕ್ಕೆ ಬಿಪಿ. ದಿನಾ ಮಾತ್ರೆ ತಗೊಂಡು 126 ಬಂದವರೂ ಬಿಪಿ ಇರುವವರೇ. ಇವರನ್ನು ಮರೆತರೆ, ಚೆನ್ನಾಗಿ ಔಷಧಿ ತಗೊಳ್ಳುವ ಬಡಾವಣೆಯಲ್ಲಿ ಕಾಯಿಲೆಯೇ ಇಲ್ಲ ಅಂದಹಾಗಾಗುತ್ತದೆ.

ಎಷ್ಟು ಜನ ಸಾಕು?

ಮೆಡಿಕಲ್ ಕಾಲೇಜಿನ ಮಕ್ಕಳು ಬಾಯಿಪಾಠ ಮಾಡುವ ಸೂತ್ರ ಇದೆ: 4 × ಪಿ × ಕ್ಯೂ, ಅದನ್ನು ಡಿ ವರ್ಗದಿಂದ ಭಾಗಿಸಿ. ಪಿ ಅಂದರೆ ನಿಮ್ಮ ಅಂದಾಜು. 100ಕ್ಕೆ 30 ಜನಕ್ಕೆ ಬಿಪಿ ಇರಬಹುದು ಅಂದುಕೊಂಡರೆ ಪಿ 30, ಕ್ಯೂ ಉಳಿದ 70. ಡಿ ಅಂದರೆ ಎಷ್ಟು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ ಅನ್ನುವುದು, 5 ಇಡೋಣ. 4 × 30 × 70 ಅಂದರೆ 8400, ಅದನ್ನು 25ರಿಂದ ಭಾಗಿಸಿದರೆ 336. ಕೆಲವರು ಸಿಗುವುದಿಲ್ಲ, ಕೆಲವರು ‘ಬೇಡ’ ಅನ್ನುತ್ತಾರೆ. ಆದ್ದರಿಂದ 400 ಜನರನ್ನು ಆರಿಸಿಕೊಳ್ಳಿ.

ಬಡಾವಣೆಯಲ್ಲಿ 2000 ಮನೆ ಇರಲಿ, ಇಡೀ ಬೆಂಗಳೂರೇ ಇರಲಿ, ಈ ಸಂಖ್ಯೆ ಹೆಚ್ಚೇನೂ ಬದಲಾಗುವುದಿಲ್ಲ. ಅನ್ನ ಬೆಂದಿದೆಯೋ ಅಂತ ನೋಡಲು ಒಂದು ಅಗುಳು ಸಾಕು ಅನ್ನುತ್ತೇವಲ್ಲ, ಅದು ಒಂದೇ ಸಮ ಬೇಯುವ ಪಾತ್ರೆಗೆ. ನಮ್ಮ ಬಡಾವಣೆಗಳು ತಳ ಸೀದು ಮೇಲೆ ಹಸಿ ಇರುವ ಪಾತ್ರೆ. ಅಗುಳು ಎಷ್ಟು ಅನ್ನುವುದಕ್ಕಿಂತ ಎಲ್ಲಿಂದ ತೆಗೆದಿರಿ ಅನ್ನುವುದೇ ಮುಖ್ಯ.

ಮನೆ ಪಟ್ಟಿ

ಜಾಸ್ತಿ ಕೆಡುವುದು ಇಲ್ಲೇ. ಬೆಂಗಳೂರಿನ ಮನೆ ನಂಬರ್ ನಂಬಿ ಹೊರಟರೆ ಕೆಟ್ಟಿರಿ. 14 ಆದಮೇಲೆ 14/1, ಆಮೇಲೆ 14/1ಎ, ಪಕ್ಕದಲ್ಲಿ 87. ಹೊರಗಿನಿಂದ ಒಂದೇ ಮನೆ ಕಾಣುತ್ತದೆ, ಒಳಗೆ ನಾಲ್ಕು ಸಂಸಾರ. ಇದಕ್ಕೆ ಒಂದು ಉಪಾಯ ಇದೆ. ಗೇಟಿನ ಪಕ್ಕದ ಬೆಸ್ಕಾಂ ಮೀಟರ್ ಬೋರ್ಡ್ ನೋಡಿ. ಐದು ಮೀಟರ್ ಇದ್ದರೆ, ಒಂದು ನೀರಿನ ಮೋಟಾರಿನದ್ದೋ ಮೆಟ್ಟಿಲ ಲೈಟಿನದ್ದೋ ಇರಬಹುದು, ಉಳಿದವು ಮನೆಗಳು. ಕೇಳಿ ಖಚಿತ ಮಾಡಿಕೊಳ್ಳಿ. ತಾರಸಿ ಮೇಲಿನ ಶೀಟಿನ ರೂಮಿಗೆ ಬೇರೆ ಮೀಟರ್ ಇರುವುದಿಲ್ಲ, ಹತ್ತಿ ನೋಡಬೇಕು. ವಠಾರ, ಪಿಜಿ, ಕಟ್ಟಡದ ಕೆಲಸದವರ ಶೆಡ್ಡು, ಅಂಗಡಿ ಹಿಂದಿನ ಕೋಣೆ, ಎಲ್ಲವೂ ಪಟ್ಟಿಗೆ ಬರಬೇಕು. ಪಿಜಿ ಆದರೆ ಕೋಣೆಗೊಂದು ನಂಬರ್ ಕೊಡಿ.

2000 ಮನೆ ಪಟ್ಟಿ ಆಯಿತು, 400 ಬೇಕು ಅಂದರೆ ಐದಕ್ಕೊಂದು. 1ರಿಂದ 5ರವರೆಗೆ ಚೀಟಿ ಬರೆದು ಒಂದು ಎತ್ತಿ. 3 ಬಂದರೆ 3, 8, 13 ಹೀಗೆ ಹೋಗಿ. ಒಂದು ಎಚ್ಚರ: ಅಪಾರ್ಟ್‌ಮೆಂಟಿನಲ್ಲಿ ಮಹಡಿಗೆ ಐದು ಫ್ಲ್ಯಾಟ್ ಇದ್ದರೆ ಪ್ರತಿ ಮಹಡಿಯಲ್ಲೂ ಅದೇ ಮೂಲೆಯ ಮನೆ ಬರುತ್ತದೆ. ಆ ಮೂಲೆಯೆಲ್ಲಾ ತ್ರಿಬಲ್ ಬೆಡ್‌ರೂಮ್ ಆಗಿದ್ದರೆ? ಅಂಥ ಕಡೆ ಫ್ಲ್ಯಾಟುಗಳ ಚೀಟಿಯನ್ನು ಕಲಸಿ ಎತ್ತುವುದೇ ಒಳ್ಳೆಯದು.

ಮನೆಗೆ ಒಬ್ಬರು ಮಾತ್ರ. ಒಂದೇ ಮನೆಯವರು ಒಂದೇ ಉಪ್ಪಿನಕಾಯಿ ತಿನ್ನುವವರು. ಮೂವರನ್ನು ಅಳೆದರೂ ಮೂರು ಬೇರೆ ಬೇರೆ ಉತ್ತರ ಸಿಕ್ಕಹಾಗಲ್ಲ. ಯಾರು ಆ ಒಬ್ಬರು? ‘ಮುಂದಿನ ಹುಟ್ಟುಹಬ್ಬ ಯಾರದ್ದೋ ಅವರು’ ಅನ್ನುವ ಪದ್ಧತಿ ಇದೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನಕ್ಕೆ ಸ್ಕೂಲಿನ ಮೇಷ್ಟ್ರು ಬರೆದ ಜೂನ್ 1ನೇ ತಾರೀಕೇ ಹುಟ್ಟಿದ ದಿನ. ಹಾಗಾಗಿ ಇಲ್ಲೂ ಚೀಟಿಯೇ ಸರಿ. ಮನೆಯಲ್ಲಿ ದೊಡ್ಡವರು ಎಷ್ಟು ಜನ ಅಂತಲೂ ಬರೆದುಕೊಳ್ಳಿ. ಆರು ಜನರ ಮನೆಯವರಿಗೆ ಚೀಟಿ ಬೀಳುವ ಅವಕಾಶ ಕಡಿಮೆ. ಲೆಕ್ಕ ಹಾಕುವಾಗ ಅವರಿಗೆ ಅಷ್ಟು ಹೆಚ್ಚು ತೂಕ ಕೊಡಬೇಕಾಗುತ್ತದೆ, ಅಂದರೆ ಆ ಒಬ್ಬರನ್ನು ಆರು ಜನ ಅಂತ ಎಣಿಸಬೇಕು.

ಇದೆಲ್ಲ ಅತಿಯಾಯ್ತು ಅನ್ನಿಸಬಹುದು. ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಹೀಗೇ ಆರಿಸಿ, ನಾಲ್ಕು ಸಲ ಮನೆಮನೆಗೆ ಹೋಗಿ ಪರೀಕ್ಷೆ ಮಾಡಿದ್ದರು. ಆಸ್ಪತ್ರೆಗೆ ಬಂದವರನ್ನೇ ಎಣಿಸಿದ್ದರೆ, ಕೆಮ್ಮಿಕೊಂಡು ಹೊಲದಲ್ಲೇ ಉಳಿದವರು ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಬಾಗಿಲು ಬೀಗ

ಬೀಗ ಇದ್ದರೆ ಪಕ್ಕದ ಮನೆಗೆ ಹೋಗಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಸಿಗುವವರು ಅಜ್ಜ ಅಜ್ಜಿ. ಬೀಗ ಹಾಕಿ ಹೋಗಿರುವವರು ದುಡಿಯುವ ವಯಸ್ಸಿನವರು. ಪಕ್ಕದ ಮನೆ ಹಿಡಿದರೆ ಮತ್ತೆ ಅದೇ ಪಾರ್ಕ್ ಕ್ಯಾಂಪ್. ಒಮ್ಮೆ ಹಗಲು, ಒಮ್ಮೆ ರಾತ್ರಿ ಎಂಟರ ಹೊತ್ತಿಗೆ, ಒಮ್ಮೆ ಭಾನುವಾರ ಹೋಗಿ. ಮೂರು ಸಲವೂ ಸಿಗದಿದ್ದರೆ ‘ಸಿಗಲಿಲ್ಲ’ ಅಂತ ಬರೆದು ಮುಂದೆ ನಡೆಯಿರಿ. ಅಪಾರ್ಟ್‌ಮೆಂಟ್ ಆದರೆ ಮೊದಲೇ ಅಸೋಸಿಯೇಷನ್ನಿಗೆ ಪತ್ರ ಕೊಟ್ಟಿರಿ, ಇಲ್ಲದಿದ್ದರೆ ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸುತ್ತಾರೆ.

ಯಾಕೆ ಕೇಳುತ್ತಿದ್ದೀರಿ ಅಂತ ಹೇಳಿ ಒಪ್ಪಿಗೆ ತಗೊಳ್ಳಿ. ಹೆಸರು ಒಂದು ಪುಸ್ತಕದಲ್ಲಿ, ಬಿಪಿ ಇನ್ನೊಂದರಲ್ಲಿ ಇರಲಿ. ಮುಂದೆ ಜರ್ನಲ್‌ಗೆ ಕಳಿಸುವ ಯೋಚನೆ ಇದ್ದರೆ ಶುರು ಮಾಡುವ ಮೊದಲೇ ಎಥಿಕ್ಸ್ ಕಮಿಟಿಯ ಅನುಮತಿ ಬೇಕು.

ಅಳತೆ

ಮೂರು ಮಹಡಿ ಹತ್ತಿ ಬಂದವರ ಬಿಪಿ ತಕ್ಷಣ ನೋಡಬೇಡಿ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಡಿ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ಸ್’ ಸರ್ವೆಗಳಲ್ಲಿ ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ತಗೊಳ್ಳುತ್ತಾರೆ. ಹಾಗೇ ಮಾಡಿ.

ಸಂಜೆ ನೋಟ್‌ಬುಕ್ ತೆರೆದು ಕೊನೆಯ ಅಂಕಿಗಳನ್ನು ನೋಡಿ. ಡಿಜಿಟಲ್ ಮಷಿನ್ ಆದರೆ ಸೊನ್ನೆಯಲ್ಲಿ ಮುಗಿಯುವುದು ಹತ್ತಕ್ಕೆ ಒಂದರಷ್ಟು ಇರಬೇಕು. ಯಾರದ್ದೋ ಪುಟದಲ್ಲಿ ಬರೀ 120, 130, 140 ಇದ್ದರೆ ಆ ಪುಣ್ಯಾತ್ಮ ಸುಮ್ನೆ ಅಂದಾಜಿಗೆ ಬರೆದಿದ್ದಾನೆ.

ಈಗ ಲೆಕ್ಕ

ಮುಂದಿನವು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡ ಸಂಖ್ಯೆಗಳು; ಸುಲಭವಾಗಲಿ ಅಂತ ಮೇಲೆ ಹೇಳಿದ ತೂಕವನ್ನು ಇಲ್ಲಿ ಬಿಟ್ಟಿದ್ದೇನೆ. 400ರಲ್ಲಿ 350 ಜನ ಸಿಕ್ಕರು, 98 ಜನಕ್ಕೆ ಬಿಪಿ. ಅಂದರೆ ಶೇ 28. 28ನ್ನು 72ರಿಂದ ಗುಣಿಸಿ, 350ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 2.4. ಅದರ ಎರಡರಷ್ಟು 4.8. ಉತ್ತರ: ಶೇ 23ರಿಂದ 33ರ ನಡುವೆ. ಇದೇ ಕಾನ್ಫಿಡೆನ್ಸ್ ಇಂಟರ್ವಲ್. ಇದೇ ರೀತಿ ನೂರು ಸಲ ಸರ್ವೆ ಮಾಡಿದರೆ ಸುಮಾರು 95 ಸಲ ನಿಜವಾದ ಸಂಖ್ಯೆ ಇಂಥ ಗೆರೆಗಳ ಒಳಗೇ ಬೀಳುತ್ತದೆ.

ಸಿಗದ 50 ಜನರನ್ನೂ ಒಮ್ಮೆ ನೋಡಿ. ಅವರಲ್ಲಿ ಯಾರಿಗೂ ಬಿಪಿ ಇಲ್ಲದಿದ್ದರೆ ಶೇ 24.5, ಎಲ್ಲರಿಗೂ ಇದ್ದರೆ ಶೇ 37. ಸೂತ್ರ ಕೊಟ್ಟ ಅಂತರಕ್ಕಿಂತ ಬೀಗ ಕೊಟ್ಟ ಅಂತರವೇ ದೊಡ್ಡದು, ಅಲ್ವಾ?

ಆಮೇಲೆ ಯಾರಾದರೂ ಕೇಳೇ ಕೇಳುತ್ತಾರೆ: ವಾಕಿಂಗ್ ಮಾಡುವವರಿಗೆ ಬಿಪಿ ಕಡಿಮೆ ತಾನೆ? ಪಟ್ಟಿ ನೋಡಿದರೆ ಉಲ್ಟಾ! ವಾಕಿಂಗ್ ಮಾಡುವ 90 ಜನರಲ್ಲಿ 35ಕ್ಕೆ, ಶೇ 39. ಮಾಡದ 260ರಲ್ಲಿ 63ಕ್ಕೆ, ಶೇ 24. ವಾಕಿಂಗ್ ಬಿಡಬೇಕಾ? ವಯಸ್ಸು ಬೇರೆ ಮಾಡಿ ನೋಡಿ. ಐವತ್ತರ ಒಳಗಿನವರಲ್ಲಿ ವಾಕಿಂಗಿನವರು 20ಕ್ಕೆ 3, ಉಳಿದವರು 200ಕ್ಕೆ 30; ಎರಡೂ ಶೇ 15. ಐವತ್ತು ದಾಟಿದವರಲ್ಲಿ ವಾಕಿಂಗಿನವರು 70ಕ್ಕೆ 32, ಶೇ 46. ಉಳಿದವರು 60ಕ್ಕೆ 33, ಶೇ 55. ನಡೆಯುವವರು ಜಾಸ್ತಿ ವಯಸ್ಸಾದವರು, ಅಷ್ಟೇ. ಆ 46 ಮತ್ತು 55ರ ಅಂತರವನ್ನೂ ಹಿಡಿದು ಕುಣಿಯಬೇಡಿ. ಇಷ್ಟು ಕಡಿಮೆ ಜನರಲ್ಲಿ ಅದು ಬರೀ ಅದೃಷ್ಟದಿಂದಲೂ ಬರಬಹುದು. ಉಪ್ಪಿನಕಾಯಿ, ನಿದ್ದೆ, ಟ್ರಾಫಿಕ್ ಅಂತ ಇಪ್ಪತ್ತು ವಿಷಯ ಹೋಲಿಸುತ್ತಾ ಹೋದರೆ, ಏನೂ ಸಂಬಂಧ ಇಲ್ಲದಿದ್ದರೂ ಒಂದಾದರೂ ‘ಸಿಕ್ಕಿತು’ ಅನ್ನಿಸಬಹುದು. ಯಾವುದನ್ನು ಹೋಲಿಸುತ್ತೀರಿ ಅನ್ನುವುದನ್ನೂ ಮೊದಲೇ ಬರೆದಿಡಿ.

ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದವರಿಗೆ ಚೀಟಿ ಬರೆದು ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಕಳಿಸಿ. ಒಂದು ದಿನದ ಅಳತೆಯಿಂದ ಕಾಯಿಲೆ ತೀರ್ಮಾನ ಆಗುವುದಿಲ್ಲ, ಡಾಕ್ಟರು ಇನ್ನೊಂದು ದಿನ ನೋಡಬೇಕು. 180 ದಾಟಿದವರನ್ನು ಅವತ್ತೇ ಕರೆದುಕೊಂಡು ಹೋಗಿ.

ಇನ್ನು ಗ್ರೂಪಿಗೆ ಹಾಕುವ ಮೆಸೇಜ್. ಈ ಸಲ ಹೀಗೆ ಬರೆಯಬಹುದು: ‘2000 ಮನೆಗಳಲ್ಲಿ 400 ಮನೆಯಿಂದ ಚೀಟಿ ಎತ್ತಿ ಒಬ್ಬೊಬ್ಬರನ್ನು ಆರಿಸಿದೆವು. 350 ಜನ ಸಿಕ್ಕರು. ನೂರಕ್ಕೆ 23ರಿಂದ 33 ಜನಕ್ಕೆ ಬಿಪಿ ಇರಬಹುದು. 50 ಜನ ಮೂರು ಸಲ ಹೋದರೂ ಸಿಗಲಿಲ್ಲ.’