ವಯಸ್ಸಿನ ಕಾಗದ ಮೊದಲು, ದಾಳಿ ಆಮೇಲೆ

ಬೆಂಗಳೂರಿನ ಬ್ಯಾಗ್ ಹೊಲಿಯುವ ಶೆಡ್ಡಿನಲ್ಲಿ ದುಡಿಯುವ ಬಿಹಾರದ ಹುಡುಗರನ್ನು ಬಿಡಿಸಲು ದಾಳಿ ಮಾಡುವ ಮುಂಚೆ, ಅವರ ಊರಿನ ಶಾಲೆಯಿಂದ ಜನ್ಮದಿನಾಂಕದ ಪತ್ರ ತರಿಸಬೇಕು ಎಂದು ನಾವು ಹೇಳಿದಾಗ, ಈ ಕೆಲಸದಲ್ಲಿ ಪಳಗಿದವರೇ ನಕ್ಕಿದ್ದರು. ಅಷ್ಟರಲ್ಲಿ ಮಾಲೀಕ ಶೆಡ್ ಖಾಲಿ ಮಾಡಿರುತ್ತಾನೆ ಎನ್ನುವುದು ಅವರ ವಾದ. ಈಗ ಅವರೇ ನಮ್ಮ ದೂರಿನ ನಮೂನೆ ಕೇಳಿ ಒಯ್ಯುತ್ತಾರೆ.

ಒಂದು ಶೆಡ್ಡಿನ ಹುಡುಗರು ಸಾಮಾನ್ಯವಾಗಿ ಒಂದೇ ಊರಿನವರು, ಇಲ್ಲವೇ ಅಕ್ಕಪಕ್ಕದವರು. ಒಬ್ಬನ ಊರು ಗೊತ್ತಾದರೆ ಉಳಿದವರ ಹೆಸರು ಅಲ್ಲೇ ಸಿಗುತ್ತದೆ. ಮುಖ್ಯೋಪಾಧ್ಯಾಯರ ಮೊಹರು ಬಿದ್ದ ಪತ್ರ ಕೈಗೆ ಬರಲು ಹೆಚ್ಚೆಂದರೆ ವಾರ. ಆದರೆ ಮಗುವನ್ನು ಕೂಡಿಹಾಕಿದ್ದಾರೆ, ಹೊಡೆಯುತ್ತಿದ್ದಾರೆ, ಲೈಂಗಿಕ ಶೋಷಣೆಯ ಅನುಮಾನವಿದೆ ಎಂದರೆ ಕಾಗದಕ್ಕೆ ಕಾಯಬಾರದು. ಆ ಕ್ಷಣವೇ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112.

ಇಷ್ಟು ಒದ್ದಾಟ ಯಾಕೆಂದರೆ, ಬಾಲನ್ಯಾಯ ಕಾಯ್ದೆಯ ಕಲಂ 94ರಲ್ಲಿ ಶಾಲೆ ಕೊಟ್ಟ ಜನ್ಮದಿನಾಂಕದ ಪತ್ರ ಇಲ್ಲವೇ ಮೆಟ್ರಿಕ್ ಪ್ರಮಾಣಪತ್ರಕ್ಕೇ ಮೊದಲ ಜಾಗ. ಅದಿಲ್ಲದಿದ್ದರೆ ಪಂಚಾಯ್ತಿ, ಪಾಲಿಕೆಯ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಎಕ್ಸ್‌ರೇ ಎರಡು ವರ್ಷ ಆಚೀಚೆ ಆಗುತ್ತದೆ. 16ರ ಹುಡುಗನ ವಯಸ್ಸಿನ ಗರಿಷ್ಠ ಅಂಕಿ 18 ಮುಟ್ಟಿತೋ, ಎದುರು ವಕೀಲರು ಅದನ್ನೇ ಹಿಡಿದು ಕೂರುತ್ತಾರೆ. ಮಾಲೀಕ ತೋರಿಸುವ ಆಧಾರ್‌ಗಳಲ್ಲಿ ಎಲ್ಲರೂ ಜನವರಿ 1ಕ್ಕೇ ಹುಟ್ಟಿರುತ್ತಾರೆ, ಎಲ್ಲರಿಗೂ 19! ವಯಸ್ಸು ನಿರ್ಧರಿಸಲು ಆಧಾರ್ ಸೂಕ್ತ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿದೆ. ಆ ತೀರ್ಪಿನ ಪ್ರತಿ ಫೈಲಿನಲ್ಲಿರಲಿ.

ನಮ್ಮ ಹಳೆಯ ಕೇಸುಗಳು ಬಿದ್ದದ್ದು ಎಫ್‌ಐಆರ್‌ನಲ್ಲೇ. ಬರೀ ಬಾಲಕಾರ್ಮಿಕ ಕಾಯ್ದೆ ಹಾಕಿದರೆ 14 ತುಂಬಿದವರಿಗೆ ಅದು ಅಪಾಯಕಾರಿ ಕೆಲಸಕ್ಕಷ್ಟೇ ಅನ್ವಯ; ಬ್ಯಾಗ್ ಹೊಲಿಗೆ ಆ ಪಟ್ಟಿಯಿಂದ ಸುಲಭವಾಗಿ ಜಾರುತ್ತದೆ. ಈಗ ಬಾಲನ್ಯಾಯದ ಕಲಂ 79 (ದುಡಿಯುವ ಮಗುವಿನ ಶೋಷಣೆ), ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 143 (ಮಾನವ ಸಾಗಾಟ), 1976ರ ಜೀತ ಪದ್ಧತಿ ಕಾಯ್ದೆ ಮೂರನ್ನೂ ಸೇರಿಸಿಯೇ ದೂರು. ಕಲಂ ಸಂಖ್ಯೆ ಬರೆದರೆ ಸಾಲದು, ಅದಕ್ಕೆ ತಕ್ಕ ಸಂಗತಿ ಬೇಕು. 79ಕ್ಕೆ ತಡೆಹಿಡಿದ ಕೂಲಿ, ಜೀತಕ್ಕೆ ಅಪ್ಪನಿಗೆ ಕೊಟ್ಟ ಮುಂಗಡ. 143ಕ್ಕೆ ಯಾರು ಕರೆತಂದರು, ಏನು ಆಸೆ ತೋರಿಸಿದರು, ಟಿಕೆಟ್ ಯಾರ ಕೈಯಲ್ಲಿತ್ತು.

ಹುಡುಗನನ್ನು ‘ಎಷ್ಟು ಗಂಟೆ ಕೆಲಸ?’ ಎಂದು ಕೇಳಿದರೆ ಚಾಚಾ (ಹುಡುಗರನ್ನು ಕರೆತಂದ ದಲ್ಲಾಳಿ) ಹೇಳಿಕೊಟ್ಟ ಉತ್ತರವೇ ಬರುತ್ತದೆ. ಹಾಳೆಯ ಮೇಲೆ ಗಡಿಯಾರ ಬರೆದುಕೊಟ್ಟು, ಎದ್ದದ್ದು, ಚಹಾ, ಊಟ, ಮೆಷಿನ್ ನಿಂತದ್ದು ಗುರುತು ಮಾಡಿಸಿ. ಉಗುರಿನ ಸುತ್ತ ಒಣಗಿದ ಸಲ್ಯೂಷನ್ (ಅಂಟು), ಬೆರಳ ತುದಿಯ ಸೂಜಿ ಗಾಯ ವೈದ್ಯರ ವರದಿಯಲ್ಲೇ ದಾಖಲಾಗಬೇಕು. ಕೈ ತೊಳೆಸುವ ಮೊದಲು. ದುಭಾಷಿ ಶೆಡ್ ಇರುವ ಗಲ್ಲಿಯವರೇ ಆಗಬಾರದು. ಮೈಥಿಲಿ ಆಡುವ ಹುಡುಗನಿಗೆ ಬರೀ ಹಿಂದಿಯವರನ್ನು ಕೂರಿಸಿದರೆ ಅರ್ಧ ಹೇಳಿಕೆ ಸೋರಿಹೋಗುತ್ತದೆ.

ಖರ್ಚಿನ ಮಾತು. ಟೆಂಪೊ ಟ್ರಾವೆಲರ್ ದಿನಕ್ಕೆ ಆರೇಳು ಸಾವಿರ, ದುಭಾಷಿಗೆ ಸಾವಿರದೈನೂರು, ಊಟ, ಚಪ್ಪಲಿ, ಟವೆಲ್ ಸೇರಿ ಹತ್ತು ಹನ್ನೆರಡು ಮಕ್ಕಳ ದಾಳಿಗೆ ಸುಮಾರು ಇಪ್ಪತ್ತು ಸಾವಿರ ಖರ್ಚಾಗುತ್ತದೆ. ಮಕ್ಕಳಿಗೆ ಬರಬೇಕಾದ್ದನ್ನು ಮಾತ್ರ ಬಿಡಬಾರದು. ಅಪ್ಪನ ಮೊಬೈಲಿನ ಫೋನ್‌ಪೇ ಇತಿಹಾಸದಲ್ಲಿ ತಿಂಗಳಿಗೆ ಎರಡು, ಎರಡೂವರೆ ಸಾವಿರ ಬಂದದ್ದು ಕಾಣುತ್ತದೆ. ಕನಿಷ್ಠ ಕೂಲಿಯಲ್ಲಿ ಅದನ್ನು ಕಳೆದರೆ ಬಾಕಿಯ ಲೆಕ್ಕ, ಕಳಿಸಿದವನ ನಂಬರು ಸಾಕ್ಷಿ. ಎ.ಸಿ. (ಉಪವಿಭಾಗಾಧಿಕಾರಿ) ಅವರಿಂದ ಜೀತ ಬಿಡುಗಡೆ ಪತ್ರ ಆದರೆ ತಕ್ಷಣದ ನೆರವು 30,000 ರೂ. ವರೆಗೆ ಇದೆ, ತೀರ್ಪಿಗೆ ಕಾಯಬೇಕಿಲ್ಲ. ಹಣ ಮಗುವಿನ ಹೆಸರಿನ ಖಾತೆಗೇ ಹೋಗಲಿ. ಅಪ್ಪನ ಖಾತೆಗೆ ಬಿದ್ದರೆ ಮುಂಗಡ ಕೊಟ್ಟವನು ಮರುದಿನವೇ ಬಾಗಿಲಲ್ಲಿ ನಿಂತಿರುತ್ತಾನೆ. ಆ ಸಾಲ ಕಾಯ್ದೆಯ ಪ್ರಕಾರವೇ ರದ್ದು ಎಂದು ಹಿಂದಿಯಲ್ಲಿ ಬರೆದು ಮನೆಯವರಿಗೆ ಕೊಟ್ಟು ಕಳಿಸುತ್ತೇವೆ.

ಇದರ ಜೊತೆಗೇ, ಹುಡುಗರು ಬಂದಿಳಿಯುವಾಗಲೇ ಪತ್ತೆ ಹಚ್ಚುವ ಪ್ರಯೋಗವೂ ನಡೆಯಿತು. ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ರೈಲು ನಿಲ್ದಾಣಕ್ಕೆಂದು ಮಾಡಿಸಿದ ಪೋಸ್ಟರ್ ದುಡ್ಡು ದಂಡ. ಕೆಲಸಕ್ಕೆ ಬಂದವರು ಆಟೊದವರು. ಐದಾರು ಹುಡುಗರು, ಎಲ್ಲರ ಟಿಕೆಟ್ ಒಬ್ಬನ ಬಳಿ, ಏನು ಕೇಳಿದರೂ ಅವನ ಮುಖ ನೋಡುತ್ತಾರೆ: ಇಷ್ಟು ಕಂಡರೆ ತಾವೇ ಜಗಳಕ್ಕಿಳಿಯದೆ ರೈಲ್ವೆ ಸಹಾಯವಾಣಿ 139 ಅಥವಾ 1098ಕ್ಕೆ ಫೋನ್. ಗೇಟು ದಾಟಿ ವ್ಯಾನ್ ಹತ್ತಿದ ಮೇಲೆ ಹುಡುಕುವುದು ಕಷ್ಟ.

ಶೆಡ್ಡಿನಲ್ಲಿ ಹುಡುಗರು ಇನ್ನೂ ಇದ್ದಾರೆಯೇ ಎಂದು ದಾಳಿಯ ಹಿಂದಿನ ದಿನ ಹೇಗೆ ಖಾತ್ರಿ ಮಾಡಿಕೊಳ್ಳುತ್ತೇವೆ ಎಂಬುದನ್ನು ಬರೆಯುವುದಿಲ್ಲ. ಓದುವವರಲ್ಲಿ ಚಾಚಾಗಳೂ ಇರುತ್ತಾರೆ.

ದಿನ ಆರಿಸುವಾಗ ಎರಡನೇ ಶನಿವಾರದ ಹಿಂದಿನ ಶುಕ್ರವಾರ ಬೇಡ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂರದ ದಿನ ಒಬ್ಬ ಸದಸ್ಯರ ಮುಂದಾದರೂ ಸರಿ. ಅವರು ಊರಲ್ಲಿದ್ದಾರೆಯೇ ಎಂದು ಟೆಂಪೊಗೆ ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.