ಹ್ಯಾಕರ್‌ಸ್ಪೇಸ್‌ ಉಪಕರಣ: ತೆಗೆದುಕೊಳ್ಳುವುದು ಹೇಗೆ, ಬಿಟ್ಟು ಬರುವುದು ಹೇಗೆ?

ಹ್ಯಾಕರ್‌ಸ್ಪೇಸ್‌ಗೆ (ಸದಸ್ಯರು ಯಂತ್ರ, ಉಪಕರಣ ಹಂಚಿಕೊಂಡು ಕೆಲಸ ಮಾಡುವ ಜಾಗ) ಹೊಸದಾಗಿ ಸೇರಿದವರು ಯಂತ್ರ ಓಡಿಸುವುದನ್ನು ಬೇಗ ಕಲಿಯುತ್ತಾರೆ. ಲೇಸರ್ ಕಟರ್ ಆಗಲಿ, ತ್ರೀಡಿ ಪ್ರಿಂಟರ್ ಆಗಲಿ, ಗೊತ್ತಿದ್ದವರು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರೆ ಕೈ ಕೂರುತ್ತದೆ. ಎಡವಟ್ಟಾಗುವುದು ಆಮೇಲೆ. ತಮ್ಮ ಪೆಟ್ಟಿಗೆಯೋ ಸರ್ಕ್ಯೂಟೋ ತಯಾರಾದ ಖುಷಿಯಲ್ಲಿ ಎದ್ದು ಹೊರಟುಬಿಡುತ್ತಾರೆ. ಮುಂದೆ ಬಂದವರಿಗೆ ಸಿಗುವುದು ಕರಕಲಾದ ಸೋಲ್ಡರಿಂಗ್ (ಬೆಸುಗೆ) ಟಿಪ್, ಗಂಟು ಬಿದ್ದ ಫಿಲಮೆಂಟ್ (ತ್ರೀಡಿ ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ಎಳೆ), ತಪ್ಪು ತೂತಿನಲ್ಲಿ ಕೂತ ಡ್ರಿಲ್ ಬಿಟ್. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇಂಥ ಜಾಗಗಳಲ್ಲಿ ಸಂಬಳದ ಸಿಬ್ಬಂದಿ ಇರುವುದು ಅಪರೂಪ. 1995ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಸಿ-ಬೇಸ್‌ನಂಥ ಹಳೆಯವುಗಳಿಂದ ಹಿಡಿದು ಈಗಿನವರೆಗೂ ಸದಸ್ಯರೇ ಸೇರಿ ನಡೆಸುವುದು ರೂಢಿ. ನೀವು ಬಿಟ್ಟುಹೋದ ಮೇಜನ್ನು ಸರಿಮಾಡಲು ಬೇರೆ ಯಾರೂ ಬರುವುದಿಲ್ಲ. ಬರುವುದು ಇನ್ನೊಬ್ಬ ಸದಸ್ಯರು. ಅವರಿಗೂ ಮುಗಿಸಬೇಕಾದ ಕೆಲಸ ಇರುತ್ತದೆ.

ಯಾವುದು ಯಾರದು ಎಂದು ಮೊದಲು ತಿಳಿಯಿರಿ

ಗೋಡೆಯ ಮೇಲೆ ನೇತುಹಾಕಿದ್ದೆಲ್ಲ ಎಲ್ಲರದ್ದೂ ಅಲ್ಲ. ಸಾಮಾನ್ಯವಾಗಿ ಮೂರು ಬಗೆ ಇರುತ್ತವೆ. ಸಂಘದ ಹಣದಲ್ಲಿ ಕೊಂಡ ಉಪಕರಣ ಒಂದು ಬಗೆ. ಸದಸ್ಯರೊಬ್ಬರು 'ಬಳಸಿಕೊಳ್ಳಿ' ಎಂದು ಇಟ್ಟಿರುವ ಸ್ವಂತದ್ದು ಇನ್ನೊಂದು. ಯಾರದೋ ಅರ್ಧ ಆಗಿರುವ ಕೆಲಸದ ಭಾಗ ಮೂರನೆಯದು. ಚೀಟಿ ಇದ್ದರೆ ಓದಿ. ಚೀಟಿ ಇಲ್ಲದಿದ್ದರೆ ಅದು ಎಲ್ಲರದ್ದು ಎಂದುಕೊಳ್ಳಬೇಡಿ, ಕೇಳಿ. ಮೂಲೆಯಲ್ಲಿ ಬಿದ್ದಿರುವ ಹಳೆಯ ಮೋಟರು ನಿಮಗೆ ಗುಜರಿಯಂತೆ ಕಾಣಬಹುದು, ಅದನ್ನು ಬಿಚ್ಚಿಟ್ಟವರು ಮುಂದಿನ ವಾರ ಬಂದು ಜೋಡಿಸುವವರಿರಬಹುದು.

ನಿಮ್ಮ ವಸ್ತುವನ್ನು ಅಲ್ಲೇ ಬಿಟ್ಟು ಹೋಗುವುದಾದರೆ ಹೆಸರು, ತಾರೀಖು, ಎಲ್ಲಿಯವರೆಗೆ ಇರುತ್ತದೆ ಎಂಬ ಮೂರನ್ನೂ ಬರೆಯಿರಿ. ಕಾಗದದ ಮಾಸ್ಕಿಂಗ್ ಟೇಪ್ ಮತ್ತು ಪರ್ಮನೆಂಟ್ ಮಾರ್ಕರ್ ಬಳಸಿ. ಅಂಟುವ ಬಣ್ಣದ ಚೀಟಿಗಳು ಬೇಡವೇ ಬೇಡ. ಧೂಳಿರುವ ಜಾಗದಲ್ಲಿ ಅವು ಬೇಗ ಉದುರಿ ಹೋಗುತ್ತವೆ.

ತರಬೇತಿ ಬೇಕೆಂದು ಹೇಳಿರುವ ಯಂತ್ರಕ್ಕೆ ತರಬೇತಿ ಪಡೆಯದೆ ಕೈ ಹಾಕಬೇಡಿ. ಬುಕಿಂಗ್ ಪಟ್ಟಿ ಇದ್ದರೆ ಹೆಸರು ಬರೆಯಿರಿ. ಅಷ್ಟೇ.

ಸಾಮಗ್ರಿ: ಎಷ್ಟು ತೆಗೆದುಕೊಳ್ಳಬಹುದು?

ಅಂಟು, ಸ್ಕ್ರೂ, ರೆಸಿಸ್ಟರ್, ಸೋಲ್ಡರ್ ತಂತಿ, ಸ್ಯಾಂಡ್ ಪೇಪರ್, ಇಂಥವು ಬಳಸಿದಂತೆ ಖಾಲಿಯಾಗುತ್ತವೆ. ಪ್ರತಿ ಜಾಗಕ್ಕೂ ಅದರದೇ ನಿಯಮ ಇರುತ್ತದೆ. ಕೆಲವು ಕಡೆ ಡಬ್ಬಿಗೆ ದುಡ್ಡು ಹಾಕಬೇಕು, ಕೆಲವು ಕಡೆ ಸದಸ್ಯತ್ವದ ಶುಲ್ಕದಲ್ಲೇ ಸೇರಿರುತ್ತದೆ. ನನ್ನ ಸಲಹೆ ಇಷ್ಟು. ಒಂದು ರಿಪೇರಿಗೆ ಬೇಕಾಗುವಷ್ಟು ಸಣ್ಣ ಸಾಮಾನು ತೆಗೆದುಕೊಳ್ಳಿ, ತಪ್ಪಿಲ್ಲ. ಒಂದೇ ಥರದ್ದು ಹಿಡಿಗಟ್ಟಲೆ ಬೇಕಾದರೆ ನೀವೇ ತನ್ನಿ. ಫಿಲಮೆಂಟ್ ಲೆಕ್ಕ ಇನ್ನೂ ಸುಲಭ. ಪ್ರಿಂಟ್‌ಗೆ ಎಷ್ಟು ಗ್ರಾಂ ಬೇಕೆಂದು ಸ್ಲೈಸರ್ ಸಾಫ್ಟ್‌ವೇರ್ ಮೊದಲೇ ತೋರಿಸುತ್ತದೆ. ಅದನ್ನೇ ಪುಸ್ತಕದಲ್ಲಿ ಬರೆಯಿರಿ. ಪ್ರಿಂಟ್ ಹಾಳಾದರೂ ಬರೆಯಿರಿ, ಫಿಲಮೆಂಟ್ ಹೋದದ್ದು ಹೋದದ್ದೇ ಅಲ್ವಾ?

ಖಾಲಿಯಾದ ಮೇಲೆ ಹೇಳುವುದಲ್ಲ, ಖಾಲಿಯಾಗುವ ಮೊದಲೇ ಹೇಳಬೇಕು. ಕೊನೆಯ ಪೊಟ್ಟಣ ಒಡೆದವರೇ ಖರೀದಿ ಪಟ್ಟಿಯಲ್ಲಿ ಬರೆಯಬೇಕು ಎಂಬ ನಿಯಮ ನನಗೆ ತುಂಬ ಇಷ್ಟ. ನಿಮ್ಮಲ್ಲಿ ಅದು ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಎತ್ತಿ.

ಸಾಮಾನು ದಾನ ಮಾಡುವವರಿಗೂ ಒಂದು ಮಾತು. ಹೆಸರಿಲ್ಲದ ಬಾಟಲಿ, ಚೀಟಿ ಹರಿದ ಬಣ್ಣದ ಡಬ್ಬ, ಏನೆಂದು ಗೊತ್ತಿಲ್ಲದ ಪ್ಲಾಸ್ಟಿಕ್ ಹಾಳೆ ತಂದು ಇಡಬೇಡಿ. ಅಗ್ಗದ ಸೋಲ್ಡರ್ ತಂತಿಯೂ ಬೇಡ. ಅದರಲ್ಲಿ ಸೀಸ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಒಳಗಿನ ಫ್ಲಕ್ಸ್ (ಬೆಸುಗೆ ಹಿಡಿಯುವಂತೆ ಲೋಹವನ್ನು ಶುಚಿಮಾಡುವ ವಸ್ತು) ಸರಿಯಿಲ್ಲದಿದ್ದರೆ ಜಾಯಿಂಟ್ ಕೂರುವುದೇ ಇಲ್ಲ. ಸೀಸ ಇರುವ 63/37 (ತವರ 63, ಸೀಸ 37 ಪಾಲು) ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸವಿಲ್ಲದ ಸಾಮಾನ್ಯ ತಂತಿಗೆ 217 ಡಿಗ್ರಿಗಿಂತ ಜಾಸ್ತಿ ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಕಲಿಯುವವರು ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡು ಬೇಸರ ಪಡುತ್ತಾರೆ. ಕೊಳಾಯಿ ಕೆಲಸದ ಆಸಿಡ್ ಫ್ಲಕ್ಸ್ ಅಂತೂ ಎಲೆಕ್ಟ್ರಾನಿಕ್ಸ್ ಮೇಜಿನ ಹತ್ತಿರ ಬರಲೇಬಾರದು. ಬೋರ್ಡಿನ ತಾಮ್ರವನ್ನು ನಿಧಾನವಾಗಿ ತಿಂದುಹಾಕುತ್ತದೆ.

ಲೇಸರ್‌ಗೆ ಹಾಕುವ ಮುನ್ನ

ಹಂಚಿಕೊಂಡ ಯಂತ್ರವೊಂದನ್ನು ಒಬ್ಬರೇ ಒಂದೇ ಸಂಜೆಯಲ್ಲಿ ಹಾಳುಮಾಡಲು ಸಾಧ್ಯವಿರುವುದು ಇಲ್ಲಿ. ಪಿವಿಸಿ, ವಿನೈಲ್ ಕತ್ತರಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ತೇವದೊಂದಿಗೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ನಿಮ್ಮ ಗಂಟಲಿಗೂ ಕೆಟ್ಟದ್ದು, ಯಂತ್ರದ ಹಳಿ, ಬೇರಿಂಗ್, ಕನ್ನಡಿಗಳಿಗೂ ಕೆಟ್ಟದ್ದು. ರೆಕ್ಸಿನ್, ಬ್ಯಾನರಿನ ಫ್ಲೆಕ್ಸ್, ಅಂಟು ಹಾಳೆಗಳಲ್ಲಿ ಅನೇಕವು ಪಿವಿಸಿಯೇ. 'ಚರ್ಮದ ಥರ ಇದೆ' ಎಂದು ತಂದವರು ಚರ್ಮವನ್ನೇ ತಂದಿರುವುದಿಲ್ಲ. ಪಾಲಿಕಾರ್ಬೊನೇಟ್ ನೋಡಲು ಅಕ್ರಿಲಿಕ್‌ನಂತೆಯೇ ಇರುತ್ತದೆ, ಆದರೆ ಕತ್ತರಿಸದೆ ಕಂದು ಬಣ್ಣಕ್ಕೆ ತಿರುಗಿ ಬೆಂಕಿ ಹತ್ತುತ್ತದೆ.

ಅನುಮಾನ ಇದ್ದರೆ ಹಳೆಯ ಪರೀಕ್ಷೆಯೊಂದಿದೆ. ಅನುಭವಿಗಳೊಬ್ಬರನ್ನು ಜೊತೆಗೆ ಕರೆದುಕೊಂಡು, ಬಯಲು ಗಾಳಿಯಲ್ಲಿ, ಒಂದು ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ. ಅದನ್ನು ಪ್ಲಾಸ್ಟಿಕ್‌ಗೆ ತಾಗಿಸಿ, ಸ್ವಲ್ಪ ಅಂಟಿದ ಮೇಲೆ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇರುವ ಸಾಧ್ಯತೆ ಹೆಚ್ಚು. ಆ ಹಾಳೆ ಲೇಸರ್ ಒಳಗೆ ಹೋಗಬಾರದು. ಹಸಿರಾಗದಿದ್ದರೂ ಅದು ಕತ್ತರಿಸಲು ಯೋಗ್ಯ ಎಂದೇನೂ ಅರ್ಥವಲ್ಲ. ಎಬಿಎಸ್ ಎಂಬ ಪ್ಲಾಸ್ಟಿಕ್ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಲೇಸರ್ ಶಾಖಕ್ಕೆ ಕರಗಿ ಕಲಸುಮೆಲಸಾಗುತ್ತದೆ, ಅದರ ಹೊಗೆಯಲ್ಲಿ ಸಯನೈಡ್ ಅನಿಲವೂ ಇರಬಹುದು. ಏನೆಂದು ಗೊತ್ತಿಲ್ಲದ ಹಾಳೆಯನ್ನು ಬಿಟ್ಟುಬಿಡಿ, ಹೆಸರಿರುವ ಅಕ್ರಿಲಿಕ್ ಅಥವಾ ಪ್ಲೈವುಡ್ ತನ್ನಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ಉಳಿದದ್ದು ನಿಮಗೆ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ: ಫ್ಯಾನ್ ಹಾಕಿ, ಫೋಕಸ್ ನೋಡಿ, ಒಂದು ಚಿಕ್ಕ ಚೌಕ ಕತ್ತರಿಸಿ ಪರೀಕ್ಷಿಸಿ. ಯಂತ್ರ ಓಡುತ್ತಿರುವಾಗ ಅಲ್ಲಿಂದ ಕದಲಬೇಡಿ. ಫೋನ್ ಬಂದರೆ ನಿಲ್ಲಿಸಿ ಹೋಗಿ.

ಡ್ರಿಲ್ ಪ್ರೆಸ್ ಬಳಸುವವರು ಬಿಟ್ ಬಿಗಿಯುವ ಚಕ್ ಕೀಲಿಯನ್ನು ತೆಗೆದು ಪಕ್ಕಕ್ಕಿಟ್ಟ ಮೇಲೆಯೇ ಸ್ವಿಚ್ ಮುಟ್ಟಿ. ಕೈಗವಸು ಹಾಕಬೇಡಿ, ತಿರುಗುವ ಬಿಟ್ ಅದನ್ನು ಬೆರಳಿನ ಸಮೇತ ಸುತ್ತಿಕೊಳ್ಳುತ್ತದೆ. ಕಬ್ಬಿಣ ಉಜ್ಜುವ ಸಾಣೆ ಚಕ್ರಕ್ಕೆ ಅಲ್ಯೂಮಿನಿಯಂ ಹಿಡಿಯಬೇಡಿ. ಮೆದು ಲೋಹ ಚಕ್ರದ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ, ಮುಂದೆ ಅದು ಬಿಸಿಯಾಗಿ ಸಿಡಿಯುವ ಅಪಾಯ ಇದೆ.

ಕೆಲಸ ಮುಗಿದ ಮೇಲಿನ ಕಾಲು ಗಂಟೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಾಗಾಗಿ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಬುಕಿಂಗ್ ಮಾಡುವಾಗಲೇ ಈ ಕಾಲು ಗಂಟೆಯನ್ನೂ ಸೇರಿಸಿ ಸಮಯ ಹಿಡಿಯಿರಿ. ಕೊನೆಯ ನಿಮಿಷದವರೆಗೆ ಕತ್ತರಿಸುತ್ತ ಕೂತವರಿಗೆ ಶುಚಿಮಾಡಲು ಹೊತ್ತು ಎಲ್ಲಿಂದ ಬರಬೇಕು?

ಸೋಲ್ಡರಿಂಗ್ ಐರನ್: ಸ್ವಿಚ್ ಆರಿಸುವ ಮೊದಲು ಟಿಪ್ಪನ್ನು ಹಿತ್ತಾಳೆ ತಂತಿಯ ಉಂಡೆಯಲ್ಲಿ ಒರೆಸಿ. ಆಮೇಲೆ ಹೊಸ ಸೋಲ್ಡರ್ ಧಾರಾಳವಾಗಿ ಹಚ್ಚಿ. ಅದನ್ನು ಒರೆಸದೆ ಹಾಗೆಯೇ ಬಿಟ್ಟು ಆರಿಸಿ. ಈ ಕ್ರಮವನ್ನೇ ಜನ ತಿರುಗುಮುರುಗು ಮಾಡುತ್ತಾರೆ. ಫಳಫಳ ಹೊಳೆಯುವಂತೆ ಒರೆಸಿಟ್ಟು ಹೋಗುವುದು ಒಳ್ಳೆಯ ಅಭ್ಯಾಸ ಎಂದುಕೊಂಡಿರುತ್ತಾರೆ. ಬರಿ ಟಿಪ್ ಬಿಸಿಯಲ್ಲಿ ಗಾಳಿಗೆ ತೆರೆದುಕೊಂಡರೆ ಕಪ್ಪಾಗಿ, ಸೋಲ್ಡರ್ ಅಂಟುವುದೇ ನಿಲ್ಲುತ್ತದೆ. ಮೇಲಿನ ಸೋಲ್ಡರ್ ಪದರ ಅದನ್ನು ಕಾಯುತ್ತದೆ. ಕಪ್ಪಾದ ಟಿಪ್ಪಿಗೆ ಅರ ಅಥವಾ ಸ್ಯಾಂಡ್ ಪೇಪರ್ ಹಾಕಬೇಡಿ. ಟಿಪ್ಪಿನ ಒಳಗಿರುವುದು ತಾಮ್ರ, ಹೊರಗಿರುವುದು ಕಬ್ಬಿಣದ ತೆಳು ಲೇಪ. ಲೇಪ ಹೋದರೆ ಕರಗಿದ ಸೋಲ್ಡರ್ ತಾಮ್ರವನ್ನು ಗುಳಿಗುಳಿಯಾಗಿ ತಿನ್ನುತ್ತದೆ. ಶಾಖ ಏರಿಸಿದ್ದರೆ ಮೊದಲಿನ ಮಟ್ಟಕ್ಕೆ ಇಳಿಸಿ. ಸೀಸದ ತಂತಿ ಬಳಸಿದ್ದರೆ ಮೇಜು ಒರೆಸಿ, ಕೈ ತೊಳೆಯಿರಿ.

ತ್ರೀಡಿ ಪ್ರಿಂಟರ್: ಫಿಲಮೆಂಟ್ ಹೊರತೆಗೆದಾಗ ಅದರ ತುದಿಯನ್ನು ಒಂದು ಕ್ಷಣವೂ ಕೈಬಿಡಬೇಡಿ. ಸ್ಪೂಲಿನ ಅಂಚಿನಲ್ಲಿ ತೂತು ಇರುತ್ತದೆ, ತುದಿಯನ್ನು ಅದರಲ್ಲಿ ಸಿಕ್ಕಿಸಿ. ಇಲ್ಲದಿದ್ದರೆ ಟೇಪ್ ಹಾಕಿ. ಸಡಿಲ ಬಿಟ್ಟ ತುದಿ ಪಕ್ಕದ ಸುತ್ತಿನ ಅಡಿಯಲ್ಲಿ ನುಸುಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮುಂದಿನವರ ಪ್ರಿಂಟ್ ಕೆಲವು ಗಂಟೆ ಚೆನ್ನಾಗಿ ನಡೆದು, ಆಮೇಲೆ ಗಂಟು ಬಿಗಿದು ನಿಂತುಹೋಗುತ್ತದೆ. ಯಾಕೆಂದು ಅವರಿಗೆ ತಿಳಿಯುವುದೇ ಇಲ್ಲ. ಸ್ಪೂಲನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಚೀಲದಲ್ಲಿ ಇಡಿ. ನೈಲಾನ್ ಫಿಲಮೆಂಟ್ ತೇವವನ್ನು ತುಂಬ ಬೇಗ ಹೀರುತ್ತದೆ. ಪಿಇಟಿಜಿ, ಪಿಎಲ್‌ಎ ಎಂಬ ಬಗೆಗಳು ನಿಧಾನ, ಆದರೆ ಅವೂ ಹೀರುತ್ತವೆ.

ಬೆಡ್ಡಿನ (ಪ್ರಿಂಟ್ ಕೂರುವ ತಟ್ಟೆಯ) ಮೇಲೆ ಬೆರಳು ಊರಬೇಡಿ. ಚರ್ಮದ ಜಿಡ್ಡು ತಾಗಿದ ಜಾಗದಲ್ಲಿ ಮೊದಲ ಪದರ ಹಿಡಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಪಿಇಟಿಜಿ ಪ್ರಿಂಟನ್ನು ಗಾಜಿನ ಬೆಡ್ಡಿನಿಂದ ಬಿಸಿ ಇರುವಾಗ ಎಬ್ಬಬೇಡಿ, ಪೂರ್ತಿ ಆರಲಿ. ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದರೆ ಗಾಜಿನ ಚಕ್ಕೆಯೇ ಎದ್ದು ಬರುತ್ತದೆ. ನಾಝಲ್ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ಬದಲಿಸಿದ್ದರೆ, ಬೆಡ್ಡಿನ ಎತ್ತರ ಮುಟ್ಟಿದ್ದರೆ, ಹಳೆಯ ಸ್ಥಿತಿಗೆ ತನ್ನಿ. ಆಗದಿದ್ದರೆ ಯಂತ್ರದ ಮೇಲೆ ಬರೆದು ಅಂಟಿಸಿ. 0.4 ಮಿಲಿಮೀಟರ್ ಎಂದು ನಂಬಿ 0.6ರ ನಾಝಲ್‌ನಲ್ಲಿ ಪ್ರಿಂಟ್ ಮಾಡಿದವರ ಪಾಡು ನೋಡಲಾಗುವುದಿಲ್ಲ.

ಮಲ್ಟಿಮೀಟರ್: ಕೆಂಪು ತಂತಿಯನ್ನು 10 ಆಂಪಿಯರ್ ತೂತಿನಿಂದ ತೆಗೆದು ವೋಲ್ಟ್ ತೂತಿಗೆ ಹಾಕಿ, ಆಮೇಲೆ ಆಫ್ ಮಾಡಿ. ಇದನ್ನು ಮರೆತು ಹೋದರೆ ಮುಂದಿನವರು ವೋಲ್ಟೇಜ್ ಅಳೆಯಲು ಹೋಗಿ ನೇರ ಶಾರ್ಟ್ ಸರ್ಕ್ಯೂಟ್ ಮಾಡುತ್ತಾರೆ. ಫ್ಯೂಸ್ ಹೋದರೆ ಅದೃಷ್ಟ. ಫ್ಯೂಸ್ ಬದಲು ಯಾರೋ ತಂತಿ ಸುತ್ತಿಟ್ಟಿದ್ದರೆ ಕೈಯಲ್ಲೇ ಸಿಡಿಯಬಹುದು. ಆ ತಂತಿ ಸುತ್ತುವ ಕೆಲಸವನ್ನು ದಯವಿಟ್ಟು ಯಾವತ್ತೂ ಮಾಡಬೇಡಿ.

ಡ್ರಿಲ್ ಬಿಟ್: ಬೆಂಕಿಪೊಟ್ಟಣದಲ್ಲಿ ಸುಟ್ಟ ಕಡ್ಡಿಯನ್ನು ವಾಪಸ್ ಇಟ್ಟ ಹಾಗೆ, ಮೊಂಡಾದ ಬಿಟ್ಟನ್ನು ಸುಮ್ನೆ ಅದರ ಜಾಗಕ್ಕೇ ತೂರಿಸಿಡುತ್ತಾರೆ. ಮೊಂಡಾಗಿದ್ದರೆ ಹೊರಗಿಡಿ. ಚೆನ್ನಾಗಿದ್ದರೆ ಅಳತೆ ನೋಡಿ ಇಡಿ. ಬಿಟ್ಟಿನ ಮೇಲಿನ ಅಂಕಿ ಅಳಿಸಿರುತ್ತದೆ, ಆದ್ದರಿಂದ ವರ್ನಿಯರ್ ಹಿಡಿದು ಅಳೆಯಿರಿ. ಬಿಟ್ ಪೆಟ್ಟಿಗೆಯ 3.3ರ ತೂತಿನಲ್ಲಿ 3.5ರ ಬಿಟ್ ಕೂತರೆ ಏನು ಮಹಾ ಎನಿಸಬಹುದು. ಎಂ4 (4 ಮಿಲಿಮೀಟರ್) ಸ್ಕ್ರೂಗೆ ಮರೆ (ಥ್ರೆಡ್) ಕೊರೆಯುವವರಿಗೆ ಬೇಕಾದದ್ದು 3.3 ಮಿಲಿಮೀಟರ್. 3.5ರಲ್ಲಿ ತೂತು ಕೊರೆದರೆ ಮರೆ ತೆಳುವಾಗಿ, ಬಿಗಿಯುವಾಗ ಕಿತ್ತುಬರುತ್ತದೆ. ಅಷ್ಟು ಹೊತ್ತಿಗೆ ಅವರ ಕೆಲಸ ಕೆಟ್ಟಿರುತ್ತದೆ.

ಲೇಸರ್: ಕತ್ತರಿಸಿ ಮುಗಿದ ತಕ್ಷಣ ಮುಚ್ಚಳ ತೆರೆಯಬೇಡಿ, ಹೊಗೆ ಹೋಗುವವರೆಗೆ ಫ್ಯಾನ್ ಓಡಲಿ. ಜಾಲರಿಯ ಕೆಳಗೆ ಬಿದ್ದ ಚೂರುಗಳನ್ನು ಪ್ರತಿ ಸಲವೂ ತೆಗೆಯಿರಿ. ಬೆಂಕಿ ಶುರುವಾಗುವುದು ಬಹಳ ಸಲ ಆ ಚೂರುಗಳಿಂದಲೇ. ಉಳಿದ ತುಂಡು ಅಂಗೈಯಗಲಕ್ಕಿಂತ ಚಿಕ್ಕದಾದರೆ ಕಸಕ್ಕೆ ಹಾಕಿ. ದೊಡ್ಡದಾದರೆ ವಸ್ತುವಿನ ಹೆಸರು, ದಪ್ಪ ಬರೆದು ಉಳಿಕೆ ಪೆಟ್ಟಿಗೆಗೆ ಹಾಕಿ. ಹೆಸರು ಬರೆಯದೆ ಹಾಕಿದ ತುಂಡು ಇನ್ನೊಬ್ಬರಿಗೆ ಮತ್ತೆ ಆ ತಾಮ್ರದ ತಂತಿಯ ಪರೀಕ್ಷೆಯ ಕೆಲಸ ಹಚ್ಚುತ್ತದೆ.

ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಬೇಡಿ. ಹೊಲಿಗೆ ಮೇಜಿನವರು ನಿಮಗೆ ಇದನ್ನು ಆಗಲೇ ಹೇಳಿರುತ್ತಾರೆ.

ಮುರಿದರೆ, ಕೆಟ್ಟರೆ

ಉಪಕರಣ ಕೆಡುವುದು ತಪ್ಪಲ್ಲ. ಎಷ್ಟೋ ಜನರ ಕೈಯಲ್ಲಿ ಓಡಾಡುವ ವಸ್ತು ಒಂದಲ್ಲ ಒಂದು ದಿನ ಕೆಡುತ್ತದೆ, ಅದು ನಿಮ್ಮ ಕೈಯಲ್ಲಿ ಕೆಟ್ಟಿತು ಅಷ್ಟೇ. ಕೆಟ್ಟದ್ದನ್ನು ಹೇಳದೆ ಇಡುವುದು ಮಾತ್ರ ಬೇರೆಯವರಿಗೆ ಏಟಾಗುವ ವಿಷಯ. ಬೈಗುಳಕ್ಕೆ ಹೆದರಿ ಜನ ಮುಚ್ಚಿಡುತ್ತಾರೆ. ಹಾಗಾಗಿ ಹಳಬರು ಮುರಿದ ಸುದ್ದಿ ತಂದವರಿಗೆ ಮೊದಲು 'ಹೇಳಿದ್ದು ಒಳ್ಳೆಯದಾಯಿತು' ಎನ್ನಬೇಕು, ಪ್ರಶ್ನೆಗಳು ಆಮೇಲೆ.

ಮಾಡಬೇಕಾದದ್ದು ಇಷ್ಟು. ಪ್ಲಗ್ ಕಿತ್ತು, ಪ್ಲಗ್ಗಿನ ಪಿನ್‌ಗಳ ಮೇಲೆಯೇ ಟೇಪ್ ಸುತ್ತಿ. ಆಗ ಯಾರೂ ಗಮನಿಸದೆ ಹಾಕಲು ಆಗುವುದಿಲ್ಲ. ಒಂದು ಚೀಟಿಯಲ್ಲಿ ಏನು ಮಾಡುತ್ತಿದ್ದಿರಿ, ಏನಾಯಿತು, ಯಾವ ಸದ್ದು ಅಥವಾ ವಾಸನೆ ಬಂತು, ತಾರೀಖು, ನಿಮ್ಮ ಹೆಸರು ಬರೆದು ಕಟ್ಟಿ. 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ರಿಪೇರಿ ಮಾಡುವವರಿಗೆ ಏನೂ ಉಪಯೋಗವಿಲ್ಲ. 'ಎಕ್ಸ್ ಕಡೆಗೆ ಹೋಗುವಾಗ ಕರಕರ ಸದ್ದು, ಬೆಲ್ಟ್ ಸಡಿಲ ಇರಬಹುದು' ಎಂದು ಬರೆದರೆ ಅವರ ಅರ್ಧ ಕೆಲಸ ಮುಗಿದಂತೆ. ಸಡಿಲವಾದ ಸ್ಕ್ರೂ, ಬಿಚ್ಚಿಬಂದ ತುಣುಕುಗಳನ್ನು ಚಿಕ್ಕ ಚೀಲದಲ್ಲಿ ಹಾಕಿ ಅದೇ ಚೀಟಿಗೆ ಕಟ್ಟಿ. ಬಿಚ್ಚಿ ನೋಡುವ ಆಸೆ ಇದ್ದರೆ ಆ ಯಂತ್ರದ ಹೊಣೆ ಹೊತ್ತವರನ್ನು ಕೇಳಿ ಅವರ ಜೊತೆ ಕೂತು ಬಿಚ್ಚಿ. ಹಾಗೆ ಜೊತೆಗೆ ಕೂತವರೇ ಮುಂದೆ ಆ ಯಂತ್ರವನ್ನು ನೋಡಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಚೀಟಿ ಕಟ್ಟಿದ ಮೇಲೆ ಬುಕಿಂಗ್ ಪಟ್ಟಿಗೂ ಹೋಗಿ ಮುಂದಿನ ಹೆಸರುಗಳನ್ನು ನೋಡಿ, ಅವರಿಗೆ ಒಂದು ಸಂದೇಶ ಕಳಿಸಿ.